ಪಿತ್ತ ಅಂತ ಹೇಳುವ ಮೊದಲು ಗಡಿಯಾರ ನೋಡಿ

ನಮ್ಮ ಮಂಗಳೂರಿನಲ್ಲಿ ತಲೆ ತಿರುಗಿ ವಾಂತಿ ಬಂದರೆ ಡಾಕ್ಟರು ಬೇಕಾಗಿಲ್ಲ. ರೋಗ ಮನೆಯಲ್ಲೇ ಪತ್ತೆಯಾಗುತ್ತದೆ: ಪಿತ್ತ. ಮದ್ದೂ ಫ್ರಿಜ್ಜಿನಲ್ಲೇ ಉಂಟು: ಪುನರ್ಪುಳಿ ಶರಬತ್ತು. ಕೈ ಮರಗಟ್ಟಿದರೆ ರಾತ್ರಿ ಮಲಗಿದ್ದು ಸರಿಯಾಗಲಿಲ್ಲ. ಮಾತು ತಪ್ಪಿದರೆ ಪ್ರಾಯ ಆಯ್ತಲ್ಲ. ಕಣ್ಣು ಮಂಜಾದರೆ ಕನ್ನಡಕದ ನಂಬರ್ ಬದಲಾಗಿರಬೇಕು. ಬಾಣಂತಿಗೆ ತಲೆನೋವು ಬಂದರೆ ಶೀತ, ಇಲ್ಲದಿದ್ದರೆ ನಂಜು.

ಹೆಚ್ಚಿನ ಸಲ ಮನೆಯವರು ಹೇಳಿದ್ದು ಸರಿಯೇ ಆಗಿರುತ್ತದೆ. ತೊಂದರೆ ಇರುವುದೂ ಅಲ್ಲೇ. ಹತ್ತಾರು ಸಲ ಪಿತ್ತವೇ ಆಗಿದ್ದದ್ದು ಒಂದು ದಿನ ಅದೇ ವಾಂತಿ, ಅದೇ ತಲೆಸುತ್ತಿನ ರೂಪದಲ್ಲಿ ಸ್ಟ್ರೋಕ್ ಆಗಿ ಬರುತ್ತದೆ. ಆ ದಿನವೂ ನಾವು ಶರಬತ್ತು ಕಲಸುತ್ತಾ ಕೂತಿರುತ್ತೇವೆ.

ನಾನು ಡಾಕ್ಟರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಕಳೆದ ಒಂದು ವರ್ಷದಲ್ಲಿ ಈ ವಿಷಯದ ಬಗ್ಗೆ ಓದಿದ್ದು, ಕಣ್ಣಾರೆ ಕಂಡದ್ದು ಎರಡೂ ಉಂಟು. ನಮ್ಮ ವಯಸ್ಸಿನವರು ಇದನ್ನು ತಿಳಿದಿರಬೇಕು ಅನ್ನಿಸಿ ಈ ವಾರ ಬರೆಯುತ್ತಿದ್ದೇನೆ.

ಹೆಸರಿನಲ್ಲೇ ಇರುವ ಮೋಸ

ಸ್ಟ್ರೋಕ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಓರೆಯಾದ ಬಾಯಿ, ಸ್ವಾಧೀನ ತಪ್ಪಿದ ಒಂದು ಕೈ, ಒಂದು ಕಾಲು. ಕನ್ನಡದಲ್ಲಿ ಅದಕ್ಕೆ ಪಾರ್ಶ್ವವಾಯು ಅನ್ನುತ್ತೇವೆ. ಪಾರ್ಶ್ವ ಅಂದರೆ ಒಂದು ಬದಿ. ಹಾಗಾಗಿ ಒಂದು ಬದಿ ಬೀಳದೆ ಹೋದರೆ ಅದು ಸ್ಟ್ರೋಕ್ ಅಂತ ನಮಗೆ ಅನ್ನಿಸುವುದೇ ಇಲ್ಲ.

ನಿಜ ಸಂಗತಿ ಏನೆಂದರೆ, ಮೆದುಳಿಗೆ ಹೋಗುವ ಒಂದು ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಅದು ಸ್ಟ್ರೋಕ್. ಆ ನಾಳ ಮೆದುಳಿನ ಯಾವ ಜಾಗಕ್ಕೆ ರಕ್ತ ಕೊಡುತ್ತಿತ್ತೋ ಆ ಜಾಗದ ಕೆಲಸ ನಿಲ್ಲುತ್ತದೆ. ಕೈಕಾಲು ಆಡಿಸುವ ಜಾಗವಾದರೆ ಕೈಕಾಲು ಬೀಳುತ್ತದೆ. ನೋಟದ ಜಾಗವಾದರೆ ದೃಷ್ಟಿ ಹೋಗುತ್ತದೆ. ತಲೆಯ ಹಿಂಭಾಗದ ಕೆಳಗೆ ಇರುವ ಕಿರುಮೆದುಳಾದರೆ, ಕೈಕಾಲಿನಲ್ಲಿ ಪೂರ್ತಿ ಬಲ ಇದ್ದೂ ಮನುಷ್ಯ ನೆಟ್ಟಗೆ ನಿಲ್ಲಲಾರ.

ಆಸ್ಪತ್ರೆಯ ಪೋಸ್ಟರ್‌ಗಳಲ್ಲಿ ನೀವು ನೋಡಿರುವ 'ಫಾಸ್ಟ್' ಸೂತ್ರ ಮುಖ, ತೋಳು, ಮಾತು ಮೂರನ್ನು ಪರೀಕ್ಷಿಸಿ ಸಮಯ ನೋಡಿ ಅನ್ನುತ್ತದೆ. ಒಳ್ಳೆಯದೇ. ಆದರೆ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಕ್ತನಾಳ ಕಟ್ಟಿ ಸ್ಟ್ರೋಕ್ ಆದವರಲ್ಲಿ ಸುಮಾರು 14 ಶೇಕಡಾ ಮಂದಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಬ್ಯಾಲೆನ್ಸ್ ಮತ್ತು ಕಣ್ಣು, ಈ ಎರಡನ್ನು ಸೇರಿಸಿ ನೋಡಿದಾಗ ಕೈತಪ್ಪುವವರ ಪ್ರಮಾಣ 5 ಶೇಕಡಾಕ್ಕಿಂತ ಕೆಳಗೆ ಇಳಿಯಿತು. ಅದಕ್ಕೇ ಈಗ ಹೇಳುವುದು 'ಬಿ-ಫಾಸ್ಟ್' ಅಂತ. ಮೊದಲು ಬ್ಯಾಲೆನ್ಸ್, ಆಮೇಲೆ ಕಣ್ಣು, ನಂತರ ಹಳೆಯ ಮೂರು.

ಕೆಳಗಿನ ಮಹಡಿಯ ಅಂಕಲ್

ಕಳೆದ ಮಳೆಗಾಲದ ಮಾತು. ಬಿಜೈಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಅಂಕಲ್ ಒಬ್ಬರಿದ್ದಾರೆ. ಆಂಟಿ ಏಳುವಾಗ ಗಂಟೆ ಆರೂ ಮುಕ್ಕಾಲು. ಅಂಕಲ್ ಬಚ್ಚಲುಮನೆಯಲ್ಲಿ ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದರು. ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು, ಬಿಪಿ ಸ್ವಲ್ಪ ಜಾಸ್ತಿ ಉಂಟು, ರೆಸ್ಟ್ ಮಾಡಿ ಅಂತ ಮನೆಗೆ ಕಳುಹಿಸಿದರು.

ಎಂಟೂವರೆ ಹೊತ್ತಿಗೆ ಆಂಟಿ ನಮ್ಮ ಬೆಲ್ ಒತ್ತಿದರು. "ಎಂತ ಇಲ್ಲ ಮಾರಾಯ, ಪಿತ್ತ. ಇವರನ್ನು ಒಮ್ಮೆ ಎಬ್ಬಿಸಿ ಕೂರಿಸ್ಲಿಕ್ಕೆ ಸ್ವಲ್ಪ ಬರ್ತೀಯಾ?"

ಎಬ್ಬಿಸಿ ಕೂರಿಸಿದೆ. ಅಂಕಲ್ ಬಲಗಡೆಗೆ ವಾಲಿದರು. ನೆಟ್ಟಗೆ ಮಾಡಿದೆ, ಮತ್ತೆ ವಾಲಿದರು. ಕೈ ಹಿಂಡಿ ಅಂದರೆ ಎರಡೂ ಕೈಯಲ್ಲಿ ನೋವಾಗುವಷ್ಟು ಬಿಗಿಯಾಗಿ ಹಿಂಡಿದರು. ಬಾಯಿ ಓರೆ ಇಲ್ಲ. ಆದರೆ ಎದುರಿಗೆ ಹಿಡಿದ ನೀರಿನ ಲೋಟಕ್ಕೆ ಕೈ ಹಾಕಿದಾಗ ಬೆರಳು ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಮಾತು ಕುಡಿದವರ ಹಾಗೆ ಎಳೆಯುತ್ತಿತ್ತು. ಜನ್ಮದಲ್ಲಿ ಕುಡಿಯದ ಮನುಷ್ಯ.

ಕಾರಿನಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆವು. ಕ್ಯಾಶುವಾಲ್ಟಿಯ ಡಾಕ್ಟರ ಮೊದಲ ಪ್ರಶ್ನೆ ಶುಗರ್ ಬಗ್ಗೆಯೂ ಅಲ್ಲ, ಬಿಪಿ ಬಗ್ಗೆಯೂ ಅಲ್ಲ. "ಕೊನೆಯ ಸಲ ಇವರು ಪೂರ್ತಿ ಸರಿ ಇದ್ದದ್ದು ಎಷ್ಟು ಗಂಟೆಗೆ?"

ಆಂಟಿ ಹೇಳಿದರು, ರಾತ್ರಿ ಹತ್ತಕ್ಕೆ ಮಲಗಿದ್ರು.

ನಿದ್ದೆಯಲ್ಲಿ ಏನಾಯಿತೆಂದು ಯಾರಿಗೂ ಗೊತ್ತಿಲ್ಲದಿದ್ದರೆ ಡಾಕ್ಟರು ಲೆಕ್ಕ ಶುರು ಮಾಡುವುದು ಆ ರಾತ್ರಿ ಹತ್ತರಿಂದಲೇ. ಅಂದರೆ ಆಗಲೇ 11 ಗಂಟೆ ಕಳೆದ ಹಾಗೆ. ಅಷ್ಟು ಹೊತ್ತಿಗೆ ನನಗೆ ಅಂಕಲ್ ಫೋನ್ ನೆನಪಾಯಿತು. ನೋಡಿದರೆ, ಬೆಳಿಗ್ಗೆ 6:12ಕ್ಕೆ ಶಾರ್ಜಾದಲ್ಲಿರುವ ಮಗಳಿಗೆ ಒಂದು ವಾಯ್ಸ್ ಮೆಸೇಜ್. ಹಲಸಿನ ಹಪ್ಪಳದ ಪಾರ್ಸೆಲ್ ಯಾರ ಕೈಯಲ್ಲಿ ಕಳುಹಿಸುವುದು ಅಂತ, ಸ್ಪಷ್ಟವಾದ ಮಾತು, ಕೊನೆಯಲ್ಲಿ ಒಂದು ನಗು. ಡಾಕ್ಟರು ಅದನ್ನು ಎರಡು ಸಲ ಕೇಳಿಸಿಕೊಂಡು ಕೇಸ್ ಶೀಟ್‌ನಲ್ಲಿ 6:12 ಅಂತ ಬರೆದರು. ಗಡಿಯಾರ 8 ಗಂಟೆ ಹಿಂದಕ್ಕೆ ಬಂತು.

ನಮ್ಮ ಕೆಲಸದಲ್ಲಿ ಸಿಸ್ಟಮ್ ಡೌನ್ ಆದಾಗ ಮೊದಲು ಕೇಳುವುದೂ ಇದನ್ನೇ, ಕೊನೆಯ ಸಲ ಸರಿಯಾಗಿ ಓಡುತ್ತಿದ್ದದ್ದು ಯಾವಾಗ ಅಂತ. ಆದರೆ ಅಲ್ಲಿ ಹೋಗುವುದು ಕಂಪನಿಯ ದುಡ್ಡು.

ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ನ್ಯೂರಾಲಜಿಸ್ಟ್ ಬಂದು ಕಣ್ಣಿನ ಚಲನೆ ನೋಡಿ, ಕೂರಿಸಿ, ಕೈ ಆಡಿಸಿ ಪರೀಕ್ಷಿಸಿದರು. ಹತ್ತೂಕಾಲರ ಒಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಒಳಗೆ ಹೋಯಿತು. ಎರಡು ವಾರದ ಮೇಲೆ ಅಂಕಲ್ ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿದು ಗೇಟಿನವರೆಗೆ ಬಂದರು.

ನಾಲ್ಕೂವರೆ ಗಂಟೆಯ ಲೆಕ್ಕ

ಆ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಕಾಶ, ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ಗಂಟೆ. ಮೊದಲು ಅದು 3 ಗಂಟೆ ಇತ್ತು, 2008ರಲ್ಲಿ ಬಂದ ಯುರೋಪಿನ ಅಧ್ಯಯನದ ಮೇಲೆ ನಾಲ್ಕೂವರೆಗೆ ಬೆಳೆಯಿತು. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ರಕ್ತನಾಳದ ಮೂಲಕ ತಂತಿ ಕಳುಹಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಉಂಟು. ಆಯ್ದ ಕೆಲವು ರೋಗಿಗಳಿಗೆ ಅದನ್ನು 24 ಗಂಟೆಯವರೆಗೂ ಮಾಡುತ್ತಾರೆ. ಹಾಗಾಗಿ ತಡವಾಯಿತು ಅಂತ ಮನೆಯಲ್ಲೇ ಉಳಿಯುವುದೂ ತಪ್ಪು. ಆದರೆ ಬೇಗ ಹೋದಷ್ಟೂ ಉಳಿಯುವುದು ಹೆಚ್ಚು. ದೊಡ್ಡ ನಾಳ ಕಟ್ಟಿದಾಗ ಚಿಕಿತ್ಸೆ ಸಿಗದ ಪ್ರತಿ ನಿಮಿಷ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನುವುದು 2006ರಲ್ಲಿ ಅಮೆರಿಕದ ವೈದ್ಯ ಜೆಫ್ರಿ ಸೇವರ್ ಹಾಕಿದ ಅಂದಾಜು.

ಇನ್ನೊಂದು ಉದಾಹರಣೆ ನಿಮಗೂ ಗೊತ್ತಿರುವುದೇ. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 2023ರ ಆಗಸ್ಟ್ 30ರ ನಸುಕಿನಲ್ಲಿ ಬೆಂಗಳೂರಿನ ಜಯನಗರದ ಅಪೋಲೋ ಆಸ್ಪತ್ರೆಗೆ ದಾಖಲಾದರು. ಅದಕ್ಕೂ ಮೊದಲು ಜ್ವರ, ಸುಸ್ತು ಇತ್ತು. ವೈರಲ್ ಜ್ವರ ಅಂತ ಹೊದ್ದು ಮಲಗಲು ಯಾರಿಗಾದರೂ ಸಾಕಾಗುವ ಕಾರಣ ಅದು. ಆದರೆ ರಾತ್ರಿ ಎರಡರ ಹೊತ್ತಿಗೆ ಎಚ್ಚರವಾದಾಗ ದೇಹದಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಾಗಿ ಕೂಡಲೇ ಹೊರಟರು. ಮನೆಗೆ ಹೋಗುವಾಗ ಅವರೇ ಪತ್ರಕರ್ತರಿಗೆ ಹೇಳಿದ್ದು, ಬೆಳಿಗ್ಗೆ ನೋಡೋಣ ಅಂದುಕೊಂಡಿದ್ದರೆ ಜೀವನವಿಡೀ ಹಾಸಿಗೆಯಲ್ಲೇ ಇರಬೇಕಿತ್ತು, ಲಕ್ಷಣ ಕಂಡರೆ ಯಾರೂ ನಿರ್ಲಕ್ಷ್ಯ ಮಾಡಬೇಡಿ ಎಂಬ ಅರ್ಥದ ಮಾತು. 'ಬೆಳಿಗ್ಗೆ ನೋಡೋಣ', ಈ ಎರಡು ಪದ ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳಿಸುತ್ತದೆ ಅಂತ ನೆನಪು ಮಾಡಿಕೊಳ್ಳಿ.

ಯಾವುದು ಯಾವುದರ ಹಾಗೆ ಕಾಣುತ್ತದೆ

ತಲೆಸುತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಗಿರ್ ಅಂತ ತಿರುಗಿ ಒಂದು ನಿಮಿಷದೊಳಗೆ ನಿಂತರೆ ಹೆಚ್ಚಾಗಿ ಅದು ಕಿವಿಯ ಒಳಗಿನ ತೊಂದರೆ. ಆದರೆ ಒಮ್ಮೆಲೇ ಶುರುವಾಗಿ ಬಿಡದೆ ತಿರುಗುತ್ತಿದ್ದರೆ, ಹಿಡಿದುಕೊಳ್ಳದೆ ಕೂರಲು ಅಥವಾ ನಡೆಯಲು ಆಗದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ನುಂಗಲು ಕಷ್ಟವಾದರೆ, ಮಾತು ಎಳೆದರೆ ಅದು ಪಿತ್ತ ಅಲ್ಲ ಅಂತಲೇ ತಿಳಿದು ಹೊರಡಿ. ಇಲ್ಲಿ ಇನ್ನೊಂದು ಮಾತು. ಸಿಟಿ ಸ್ಕ್ಯಾನ್ ಮುಖ್ಯವಾಗಿ ಹೇಳುವುದು ರಕ್ತಸ್ರಾವ ಇದೆಯಾ ಇಲ್ಲವಾ ಅಂತ. ಕಿರುಮೆದುಳಿನ ಹೊಸ ಸ್ಟ್ರೋಕ್ ಅದರಲ್ಲಿ ಕಾಣಿಸದೆ ಹೋಗುವುದು ಸಾಮಾನ್ಯ. ಮೊದಲ ಒಂದೆರಡು ದಿನ ಎಂಆರ್‌ಐ ಕೂಡ ಕೆಲವೊಮ್ಮೆ ತಪ್ಪುತ್ತದೆ. ಸಿಟಿ ನಾರ್ಮಲ್ ಅಂತ ಹೇಳಿದ ಮೇಲೂ ರೋಗಿಗೆ ನಡೆಯಲು ಆಗದಿದ್ದರೆ, "ಸರ್, ಇವರಿಗೆ ನಡೀಲಿಕ್ಕೇ ಆಗ್ತಾ ಇಲ್ಲ" ಅಂತ ಇನ್ನೊಮ್ಮೆ ಹೇಳಿ. ಅದು ಅಧಿಕಪ್ರಸಂಗ ಅಲ್ಲ.

ಗೊಂದಲ. ಎಡಮೆದುಳಿನ ಭಾಷೆಯ ಜಾಗಕ್ಕೆ ಪೆಟ್ಟಾದರೆ ಕೆಲವರು ಸರಾಗವಾಗಿ ಮಾತಾಡುತ್ತಾರೆ, ಅರ್ಥ ಮಾತ್ರ ಇರುವುದಿಲ್ಲ. ಮನೆಯವರಿಗೆ ಅದು ಮರೆವು, ಟೆನ್ಶನ್, ಕೆಲವೊಮ್ಮೆ ಸೋಂಕು ತಾಗಿದ ಹಾಗೆ ಕಾಣುತ್ತದೆ. ನಿಧಾನಕ್ಕೆ ತಿಂಗಳುಗಟ್ಟಲೆ ಬರುವ ಮರೆವು ಬೇರೆ, ನಿನ್ನೆ ಸರಿಯಿದ್ದು ಇವತ್ತು ಪೆನ್ನಿಗೆ ಚಮಚ ಅನ್ನುವುದು ಬೇರೆ. ಪರೀಕ್ಷಿಸುವಾಗ ಅವರ ಮನೆಮಾತಿನಲ್ಲೇ ಕೇಳಿ. ಅಜ್ಜಿಯದ್ದು ತುಳು ಆದರೆ 'ವಣಸ್ ಆಂಡಾ' ಅಂತಲೇ ಕೇಳಬೇಕು. ಕೊಂಕಣಿ, ಬ್ಯಾರಿ ಆದರೆ ಅದರಲ್ಲಿ. ಒಂದು ಸಣ್ಣ ವಾಕ್ಯ ಹೇಳಿ ಅದನ್ನೇ ತಿರುಗಿ ಹೇಳಿಸಿ, ಎದುರಿಗಿರುವ ಎರಡು ವಸ್ತುಗಳ ಹೆಸರು ಕೇಳಿ.

ಕಣ್ಣು. ಒಂದು ಕಣ್ಣಿನ ಮೇಲೆ ಪರದೆ ಬಿದ್ದ ಹಾಗಾದರೆ, ಅಥವಾ ಎರಡೂ ಕಣ್ಣಿನಲ್ಲಿ ಒಂದು ಕಡೆಯ ನೋಟವೇ ಹೋದರೆ, ಕನ್ನಡಕದ ಅಂಗಡಿ ಅದಕ್ಕೆ ಜಾಗವಲ್ಲ. ಅರ್ಧ ನೋಟ ಹೋದವರಿಗೆ ಅದು ತಿಳಿಯದೆಯೂ ಇರಬಹುದು. ಬಾಗಿಲ ಚೌಕಟ್ಟಿಗೆ ಒಂದೇ ಬದಿ ಢಿಕ್ಕಿ ಹೊಡೆಯುತ್ತಾರೆ, ಬಟ್ಟಲಿನ ಒಂದು ಬದಿಯ ಅನ್ನ ಹಾಗೇ ಬಿಡುತ್ತಾರೆ.

ಕೈ. ಮರಗಟ್ಟಿದ ಕೈ ಕೊಡವಿದರೆ ಐದು ನಿಮಿಷದಲ್ಲಿ ಸರಿಯಾಗುತ್ತದೆ. ಆಗದಿದ್ದರೆ, ಬರೀ ಬೆರಳುಗಳೇ ಆದರೂ, ಕಾಯಬೇಡಿ. ಕೈಯನ್ನು ಮಾತ್ರ ಹಿಡಿಯುವ ಸಣ್ಣ ಸ್ಟ್ರೋಕ್ ಉಂಟು.

ಅಮಲು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ತೂರಾಡಿಕೊಂಡು ತೊದಲುವ ಮನುಷ್ಯನನ್ನು ನೋಡಿ ನಾವೆಲ್ಲ ದೂರ ಸರಿಯುತ್ತೇವೆ. ಎಣ್ಣೆಯ ವಾಸನೆ ಬಂದರೂ ಸ್ಟ್ರೋಕ್ ಇಲ್ಲ ಅಂತ ಆಗುವುದಿಲ್ಲ. ಒಂದು ಸಲ ಮುಖ ನೋಡಿ, ಎರಡೂ ಕೈ ಎತ್ತಲು ಹೇಳಿ, 108ಕ್ಕೆ ಕರೆ ಮಾಡಿ.

ಸರಿಯಾದ ಸ್ಟ್ರೋಕ್. ಹತ್ತು ನಿಮಿಷ ಮಾತು ತೊದಲಿತು, ಮತ್ತೆ ಸರಿಯಾಯಿತು. ಎಲ್ಲರೂ ನಿಟ್ಟುಸಿರು ಬಿಟ್ಟು ಊಟಕ್ಕೆ ಕೂರುತ್ತಾರೆ. ಇದು ಕಿರು ಸ್ಟ್ರೋಕ್ ಆಗಿರಬಹುದು. ದೊಡ್ಡದು ಬರುವ ಅಪಾಯ ಅತಿ ಹೆಚ್ಚಿರುವುದು ಮುಂದಿನ 48 ಗಂಟೆಗಳಲ್ಲಿ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ವಯಸ್ಸಿನವರಿಗೆ ಎರಡು ಮಾತು

ಸ್ಟ್ರೋಕ್ ಅಪ್ಪ ಅಮ್ಮನ ಕಾಯಿಲೆ ಅಂದುಕೊಂಡಿದ್ದರೆ, ಬಳ್ಳಾರಿ ಕಡೆಯ ಯುವಕರೊಬ್ಬರ ಸುದ್ದಿ ಓದಿರಬಹುದು. 2024ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದದ್ದು. ಸಲೂನಿನಲ್ಲಿ ತಲೆ ಮಸಾಜ್ ಮಾಡಿ ಕೊನೆಗೆ ಕುತ್ತಿಗೆಯನ್ನು ಲಟಕ್ಕೆಂದು ತಿರುಗಿಸಿದರು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು, ಮನೆಗೆ ಹೋದ ಮೇಲೆ ಮಾತು ಹೋಯಿತು, ಎಡಬದಿ ಬಲ ಕಳೆದುಕೊಂಡಿತು. ಬೆಂಗಳೂರಿನಲ್ಲಿ ಚಿಕಿತ್ಸೆ ಸಿಕ್ಕಿ ಚೇತರಿಸಿಕೊಂಡರು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಹಿಡಿದುಕೊಂಡ ಕುತ್ತಿಗೆಗೆ ಆ ಲಟಕ್ ಹಿತ ಅನ್ನಿಸುತ್ತದೆ, ನಿಜ. ಆದರೆ ಕ್ಷೌರಕ್ಕೆ ಕೂರುವಾಗಲೇ "ಕುತ್ತಿಗೆ ತಿರುಗಿಸ್ಬೇಡಿ" ಅಂತ ಹೇಳಿಬಿಡಿ. ಕುತ್ತಿಗೆಗೆ ಪೆಟ್ಟು, ಉಳುಕು ಆದ ಕೆಲವು ದಿನಗಳ ಮೇಲೆ ಹೊಸ ಬಗೆಯ ತಲೆನೋವು, ತಲೆಸುತ್ತು, ಮಾತಿನ ತೊದಲು ಬಂದರೆ ಡಾಕ್ಟರಿಗೆ ಕುತ್ತಿಗೆಯ ಕತೆಯನ್ನೂ ಹೇಳಿ.

ಎರಡನೆಯದು ಬಾಣಂತಿಯರ ವಿಷಯ. ಹೆರಿಗೆಯ ಮೊದಲ ವಾರಗಳಲ್ಲಿ ಮೆದುಳಿನಿಂದ ರಕ್ತ ಹಿಂದಕ್ಕೆ ತರುವ ನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಉಂಟು. ಅದೂ ಒಂದು ಬಗೆಯ ಸ್ಟ್ರೋಕ್. ಬರುವುದು ಹೇಗೆ? ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜು, ಕೆಲವರಿಗೆ ಫಿಟ್ಸ್. ಮನೆಯಲ್ಲಿ ಅದಕ್ಕೆ ಶೀತ, ನಂಜು, ನಿದ್ದೆ ಇಲ್ಲ ಅನ್ನುವ ಹೆಸರು ತಯಾರಾಗಿಯೇ ಇರುತ್ತದೆ. ಬಾಣಂತಿಗೆ ನೀರು ಕಮ್ಮಿ ಕೊಡುವ ಮನೆಗಳು ಈಗಲೂ ಇವೆ. ದೇಹದಲ್ಲಿ ನೀರು ಕಮ್ಮಿಯಾದರೆ ರಕ್ತ ಹೆಪ್ಪುಗಟ್ಟುವುದು ಇನ್ನೂ ಸುಲಭ. ಹೆಂಡತಿಯದ್ದೋ ತಂಗಿಯದ್ದೋ ಬಾಣಂತನ ನಡೆಯುತ್ತಿದ್ದರೆ ಈ ಒಂದು ವಿಷಯದಲ್ಲಿ ಅಜ್ಜಿಯ ಜೊತೆ ಮೆತ್ತಗೆ ವಾದ ಮಾಡಿ. ಕಷಾಯ, ಲೇಹ್ಯ ಎಲ್ಲ ಇರಲಿ, ನೀರೂ ಇರಲಿ. ಕಮ್ಮಿಯಾಗದ ತಲೆನೋವಿಗೆ ಆಸ್ಪತ್ರೆ.

ಸ್ಟ್ರೋಕ್ ಅಲ್ಲದಿದ್ದರೆ?

ಉಲ್ಟಾ ಆಗುವುದೂ ಉಂಟು. ಶುಗರ್ ಇಳಿದಾಗ, ಫಿಟ್ಸ್ ಬಂದು ಹೋದ ಮೇಲೆ, ಮೈಗ್ರೇನ್‌ನಲ್ಲಿ ಥೇಟ್ ಸ್ಟ್ರೋಕ್ ಹಾಗೇ ಕಾಣಬಹುದು. ಒಂದು ಬದಿಯ ಮುಖ ಪೂರ್ತಿ ಬಿದ್ದು, ಆ ಬದಿಯ ಕಣ್ಣು ಮುಚ್ಚಲಾಗದೆ, ಹುಬ್ಬು ಎತ್ತಲಾಗದೆ ಇದ್ದರೆ ಅದು ಹೆಚ್ಚಾಗಿ ಮುಖದ ನರದ ತೊಂದರೆ. ನಮ್ಮಲ್ಲಿ ಗಾಳಿ ಬಡಿದದ್ದು ಅನ್ನುತ್ತಾರೆ. ಹೆಚ್ಚಿನ ಸ್ಟ್ರೋಕ್‌ಗಳಲ್ಲಿ ಬಾಯಿ ಓರೆಯಾದರೂ ಹಣೆ ಸುಕ್ಕುಗಟ್ಟಲು ಬರುತ್ತದೆ. ಆದರೆ ಇದನ್ನು ಓದಿ ಮನೆಯಲ್ಲೇ ತೀರ್ಪು ಕೊಡಬೇಡಿ. ಗ್ಲುಕೋಮೀಟರ್ ಇದ್ದರೆ ಶುಗರ್ ನೋಡಿ, ನೋಡುತ್ತಲೇ ಹೊರಡಿ. ಆಸ್ಪತ್ರೆಗೆ ಹೋಗಿ ಪಿತ್ತ ಅಂತ ಗೊತ್ತಾಗಿ ವಾಪಸು ಬಂದರೆ ಹೋಗುವುದು ಅರ್ಧ ದಿನ, ಒಂದಷ್ಟು ದುಡ್ಡು. ನಾಚಿಕೆ ಪಡಲು ಅದರಲ್ಲಿ ಎಂತ ಇಲ್ಲ.

ದಾರಿಯಲ್ಲಿ ಮಾಡಬಾರದ್ದು ಕೆಲವು. ಕುಡಿಯಲು, ತಿನ್ನಲು ಏನೂ ಕೊಡಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೊಡುವ ಹಾಗೆ ಆಸ್ಪಿರಿನ್ ಕೊಡಬೇಡಿ. ನಾಳ ಕಟ್ಟಿದ್ದಾ ಒಡೆದದ್ದಾ ಅಂತ ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ. ಬಿಪಿ ಜಾಸ್ತಿ ಕಂಡಿತು ಅಂತ ಇನ್ನೊಂದು ಮಾತ್ರೆ ಬೇಡ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸರಿಯಾಗುತ್ತದೆ ಅನ್ನುವ ವಾಟ್ಸ್ಆ್ಯಪ್ ಫಾರ್ವರ್ಡ್ ಶುದ್ಧ ಸುಳ್ಳು. ವಾಂತಿ ಇದ್ದರೆ ಮಗ್ಗುಲಿಗೆ ಮಲಗಿಸಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಲವನ್ನೇ ಎತ್ತಿಕೊಳ್ಳಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮೊದಲು ಹೇಳಿ.

ಈ ಶನಿವಾರದ ಕೆಲಸ

ನಮ್ಮೂರಿನ ಪುಣ್ಯ ಅಂದರೆ ಆಸ್ಪತ್ರೆಗಳಿಗೆ ಬರ ಇಲ್ಲ. ಹಂಪನಕಟ್ಟೆಯ ವೆನ್ಲಾಕ್‌ನಿಂದ ದೇರಳಕಟ್ಟೆಯವರೆಗೆ ಮೆಡಿಕಲ್ ಕಾಲೇಜುಗಳ ಸಾಲೇ ಉಂಟು. ಕಾಸರಗೋಡು, ಕೊಡಗು, ಉತ್ತರ ಕನ್ನಡದಿಂದ ಜನ ಇಲ್ಲಿಗೆ ಬರುತ್ತಾರೆ. ಆದರೆ ನಿಮ್ಮ ಮನೆಗೆ ಹತ್ತಿರ ಇರುವ ಆಸ್ಪತ್ರೆಯಲ್ಲಿ ರಾತ್ರಿ ಎರಡಕ್ಕೆ ಸಿಟಿ ಸ್ಕ್ಯಾನ್ ಆಗುತ್ತದಾ? ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರಾ? ನ್ಯೂರಾಲಜಿಸ್ಟ್ ಕರೆದರೆ ಬರುತ್ತಾರಾ? ಈ ಮೂರು ಪ್ರಶ್ನೆ ಕೇಳಲು ಒಂದು ಫೋನ್ ಕಾಲ್ ಸಾಕು. ನಂತೂರು ಸರ್ಕಲ್‌ನ ಟ್ರಾಫಿಕ್‌ನಲ್ಲಿ ನಿಂತು, ಎಲ್ಲಿಗೆ ಹೋಗುವುದು ಅಂತ ಯೋಚಿಸುವ ಹಾಗೆ ಆಗಬಾರದು.

ಉತ್ತರ ಸಿಕ್ಕಿದ ಮೇಲೆ ಆ ಆಸ್ಪತ್ರೆಯ ನಂಬರ್, ಲೊಕೇಶನ್ ಎರಡನ್ನೂ ಫ್ಯಾಮಿಲಿ ಗ್ರೂಪಿಗೆ ಹಾಕಿ ಪಿನ್ ಮಾಡಿ. ಜೊತೆಗೆ ಒಂದೇ ಸಾಲು ಬರೆಯಿರಿ: ಒಮ್ಮೆಲೇ ನಡಿಗೆ, ನೋಟ, ಮುಖ, ಕೈ, ಮಾತು, ಇವುಗಳಲ್ಲಿ ಯಾವುದು ತಪ್ಪಿದರೂ ಪಿತ್ತ ಅಂತ ಹೇಳುವ ಮೊದಲು ಗಂಟೆ ಎಷ್ಟು ಅಂತ ನೋಡಿ, ಆಮೇಲೆ ನನಗೆ ಫೋನ್ ಮಾಡದೆ 108ಕ್ಕೆ ಮಾಡಿ.

ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಓದುತ್ತಿರುವವರಿಗೆ ಆ ಕೊನೆಯ ಮಾತು ಮುಖ್ಯ. ನಮ್ಮ ಅಮ್ಮಂದಿರು ಏನಾದರೂ ಆದರೆ ಮೊದಲು ಫೋನ್ ಮಾಡುವುದು ಮಕ್ಕಳಿಗೆ. ನಾವು ಮೀಟಿಂಗ್‌ನಲ್ಲಿ ಇರುತ್ತೇವೆ. ವಾಪಸು ಕಾಲ್ ಮಾಡುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ.